ನಾಲ್ಕು ಡಿಗ್ರಿಯ ಪಾಠ ಕಡಲಿಗೇಕೆ ಒಗ್ಗುವುದಿಲ್ಲ?

ಪ್ರಶ್ನೆ: ನಾನು ಉತ್ತರ ಕನ್ನಡದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಹೆಚ್ಚು ಸಾಂದ್ರವಾಗಿರುತ್ತದೆ, ಅದಕ್ಕೇ ಚಳಿದೇಶದ ಕೆರೆ ಮೇಲೆ ಹೆಪ್ಪುಗಟ್ಟಿದರೂ ತಳದಲ್ಲಿ ಮೀನು ಬದುಕಿರುತ್ತದೆ ಎಂದು ಪಾಠ ಮಾಡಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು, "ಹಾಗಾದರೆ ಸಮುದ್ರದ ತಳದಲ್ಲೂ 4 ಡಿಗ್ರಿಯೇ ಇರಬೇಕಲ್ಲ ಮೇಡಂ? ಅಲ್ಲಿ 2 ಡಿಗ್ರಿ ಇರುತ್ತದೆ ಎಂದು ಓದಿದ್ದೇನೆ" ಎಂದಳು. ನನಗೆ ಉತ್ತರ ತೋಚಲಿಲ್ಲ. ಇದಕ್ಕೂ ಉಪ್ಪಿಗೂ ಸಂಬಂಧವಿದೆಯೇ? ನಮ್ಮಂಥ ಬಿಸಿಲುನಾಡಿನ ಕಡಲಾಳಕ್ಕೆ ಅಷ್ಟು ತಣ್ಣೀರು ಎಲ್ಲಿಂದ ಬರುತ್ತದೆ? ಆಳದ ಈ ಪ್ರವಾಹ ನಿಂತುಹೋಗಲಿದೆ ಎಂಬ ಸುದ್ದಿಯನ್ನು ನಂಬಬಹುದೇ?

ಉತ್ತರ: ಮೊದಲು ಆ ಹುಡುಗಿಗೆ ನನ್ನ ಪರವಾಗಿ ಶಹಬ್ಬಾಸ್ ಹೇಳಿ. ವಿಜ್ಞಾನದ ಪಾಠವನ್ನೂ ಭೂಗೋಳದ ಪಾಠವನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡುವ ಮಕ್ಕಳು ಕಡಿಮೆ. ನಾವೆಲ್ಲ ಎರಡರ ನಡುವೆ ಬೇಲಿ ಹಾಕಿಕೊಂಡೇ ಪಾಸಾದವರು. ಅವಳು ಓದಿದ್ದೂ ಸರಿ, ನೀವು ಕಲಿಸಿದ್ದೂ ಸರಿ. 4 ಡಿಗ್ರಿಯ ನಿಯಮ ಸಿಹಿನೀರಿನದು. ಉಪ್ಪು ಬೆರೆಯುತ್ತ ಹೋದಂತೆ ಅದು ಸಡಿಲವಾಗುತ್ತದೆ. ಕಡಲಿನಲ್ಲಿರುವಷ್ಟು ಉಪ್ಪು ಬೆರೆಯುವ ಹೊತ್ತಿಗೆ ಇಲ್ಲವೇ ಆಗಿರುತ್ತದೆ.

ಒಂದು ಕಿಲೋ ನೀರಿಗೆ ಒಂದೊಂದೇ ಗ್ರಾಂ ಉಪ್ಪು ಹಾಕುತ್ತ ಹೋಗುತ್ತೇವೆ ಎಂದುಕೊಳ್ಳಿ. ಪ್ರತಿ ಗ್ರಾಮಿಗೂ ನೀರು ಹೆಪ್ಪುಗಟ್ಟುವ ತಾಪಮಾನ ತುಸು ಕೆಳಗಿಳಿಯುತ್ತದೆ. ನೀರು ಅತಿ ಸಾಂದ್ರವಾಗುವ ತಾಪಮಾನವೂ ಇಳಿಯುತ್ತದೆ, ಆದರೆ ಅದು ಇಳಿಯುವ ವೇಗ ಹೆಚ್ಚುಕಡಿಮೆ ನಾಲ್ಕು ಪಟ್ಟು. ಒಂದು 0 ಡಿಗ್ರಿಯಿಂದ ನಿಧಾನವಾಗಿ, ಇನ್ನೊಂದು 4 ಡಿಗ್ರಿಯಿಂದ ದಡದಡನೆ ಇಳಿದು, ಎರಡೂ ಒಂದೆಡೆ ಸೇರುತ್ತವೆ: ಕಿಲೋಗೆ 24.7 ಗ್ರಾಂ ಉಪ್ಪಿದ್ದಾಗ, ಮೈನಸ್ 1.3 ಡಿಗ್ರಿಯಲ್ಲಿ. ಅದಕ್ಕಿಂತ ಉಪ್ಪಾದ ನೀರು ತಣ್ಣಗಾದಷ್ಟೂ ಭಾರವಾಗುತ್ತಲೇ ಹೋಗುತ್ತದೆ, ಹೆಪ್ಪುಗಟ್ಟುವ ಕ್ಷಣದವರೆಗೂ. ತೆರೆದ ಸಾಗರದ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಉಪ್ಪಿದೆ, ಎರಡು ದೊಡ್ಡ ಚಮಚದಷ್ಟು. ಅದು ಹೆಪ್ಪುಗಟ್ಟುವುದು ಮೈನಸ್ 1.9ರಲ್ಲಿ. ಆದ್ದರಿಂದ 4 ಡಿಗ್ರಿಯಲ್ಲಿ "ಇನ್ನು ಸಾಕು" ಎಂದು ನಿಲ್ಲುವ ಜಾಗವೇ ಅದಕ್ಕಿಲ್ಲ. ಹಾಗೆಂದು ಎಲ್ಲ ಕಡಲುಗಳೂ ಒಂದೇ ಅಲ್ಲ. ಬಾಲ್ಟಿಕ್ ಸಮುದ್ರದ ಮೇಲ್ಪದರದಲ್ಲಿ ಕಿಲೋಗೆ 7-8 ಗ್ರಾಂ ಮಾತ್ರ ಉಪ್ಪಿರುವುದರಿಂದ ಚಳಿಗಾಲದಲ್ಲಿ ಅದು ದೊಡ್ಡ ಕೆರೆಯಂತೆಯೇ ನಡೆದುಕೊಳ್ಳುತ್ತದೆ. ಹೆಸರಿಗೆ ಸಮುದ್ರ, ಗುಣ ಕೆರೆಯದು.

ಇಷ್ಟಕ್ಕೆ ವಿದ್ಯಾರ್ಥಿನಿಯ ಪ್ರಶ್ನೆ ಮುಗಿಯಿತು. ನಿಮ್ಮದು ಈಗ ಶುರು.

ಆಳದ ನೀರಿನ ತಂಪನ್ನು ನಾನು ಮೊದಲ ಸಲ ಕೈಯಾರೆ ಮುಟ್ಟಿದ್ದು ಅರಬ್ಬೀ ಸಮುದ್ರದ ನಡುವೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಮೇಲ್ಮೈ ನೀರು 29 ಡಿಗ್ರಿ, ಡೆಕ್ಕಿನ ಕಬ್ಬಿಣ ಬೂಟಿನ ಅಟ್ಟೆ ದಾಟಿ ಸುಡುತ್ತಿತ್ತು. ಸಂಶೋಧನಾ ಹಡಗಿನಲ್ಲಿ ಸಿಟಿಡಿ ಎಂಬ ಉಪಕರಣವಿರುತ್ತದೆ. ನೀರಿನ ವಿದ್ಯುದ್ವಾಹಕತೆ, ತಾಪಮಾನ ಮತ್ತು ಆಳವನ್ನು ಅಳೆಯುತ್ತ ಇಳಿಯುವ ಸಂವೇದಕಗಳು, ಅವುಗಳ ಸುತ್ತ ಉಕ್ಕಿನ ಚೌಕಟ್ಟು, ಚೌಕಟ್ಟಿಗೆ ವೃತ್ತಾಕಾರವಾಗಿ ಕಟ್ಟಿದ ಬೂದುಬಣ್ಣದ ದಪ್ಪ ಕೊಳವೆಗಳು. ಕೊಳವೆಗಳ ಎರಡೂ ಬಾಯಿ ತೆರೆದಿರುತ್ತದೆ. ಬೇಕಾದ ಆಳದಲ್ಲಿ ಮೇಲಿನಿಂದ ಸಂಜ್ಞೆ ಕೊಟ್ಟರೆ ಮುಚ್ಚಳಗಳು ಫಟ್ಟನೆ ಮುಚ್ಚಿಕೊಂಡು ಅಲ್ಲಿಯ ನೀರನ್ನು ಸೆರೆಹಿಡಿಯುತ್ತವೆ. ಸೆಕೆಂಡಿಗೆ ಒಂದು ಮೀಟರಿನಂತೆ ತಂತಿ ಬಿಟ್ಟರೆ 3,000 ಮೀಟರ್ ತಲುಪಲು 50 ನಿಮಿಷ ಬೇಕು. ಮೇಲೆ ಬಂದ ಮೇಲೆ ಕೊಳವೆಗಳನ್ನು ಬಟ್ಟೆಯಲ್ಲಿ ಒರೆಸಿದೆವು. ಮೇಲ್ಪದರದ ನೀರು ತುಂಬಿದವು ಒಣಗಿ ನಿಂತವು. ಆಳದ್ದು ತುಂಬಿದವು ಒರೆಸಿದಷ್ಟೂ ಮತ್ತೆ ಬೆವರುತ್ತಿದ್ದವು, ಐಸ್ ಪೆಟ್ಟಿಗೆಯಿಂದ ಆಗತಾನೇ ತೆಗೆದ ಸೋಡಾ ಬಾಟಲಿಯ ಹಾಗೆ. ನಲ್ಲಿ ತಿರುಗಿಸಿ ಬೆರಳು ಒಡ್ಡಿದರೆ ಜೋಮು ಹಿಡಿಯುವ ತಂಪು. ಸಂವೇದಕ ಆಳದಲ್ಲಿ ದಾಖಲಿಸಿದ್ದು 2 ಡಿಗ್ರಿಯ ಆಸುಪಾಸು. ಅರಬ್ಬೀ ಸಮುದ್ರದ ಮೇಲೆ ಎಂದೂ ಅಂಥ ಚಳಿಗಾಲ ಬರುವುದಿಲ್ಲ. ಆ ನೀರು ಅಲ್ಲಿ ತಣ್ಣಗಾದದ್ದೇ ಅಲ್ಲ, ವಲಸೆ ಬಂದದ್ದು.

ಈ ತರ್ಕಕ್ಕೆ ಎರಡು ಶತಮಾನ ದಾಟಿದ ಇತಿಹಾಸವಿದೆ. 1751ರಲ್ಲಿ ಹೆನ್ರಿ ಎಲಿಸ್ ಎಂಬ ಇಂಗ್ಲಿಷ್ ಕ್ಯಾಪ್ಟನ್, ಗುಲಾಮರ ವ್ಯಾಪಾರದ ಹಡಗಿನಲ್ಲಿ ಆಫ್ರಿಕಾದ ಕಡೆ ಹೊರಟಿದ್ದಾಗ, ಕವಾಟಗಳಿದ್ದ ಬಕೆಟ್ಟೊಂದನ್ನು 1,600 ಮೀಟರಿಗೂ ಹೆಚ್ಚು ಉದ್ದದ ಹಗ್ಗಕ್ಕೆ ಕಟ್ಟಿ ಇಳಿಸಿದ. ಉಷ್ಣವಲಯದ ಅಂಚಿನಲ್ಲಿ, ಸುಡುಬಿಸಿಲಿನಲ್ಲಿ ಮೇಲೆ ಬಂದ ನೀರು 12 ಡಿಗ್ರಿಯಷ್ಟಿತ್ತು (ದಾರಿಯಲ್ಲಿ ಬಿಸಿಯಾಗಿಯೂ!). ಆತ ಅದರಿಂದ ಸ್ನಾನದ ನೀರನ್ನೂ ದ್ರಾಕ್ಷಾರಸವನ್ನೂ ತಂಪು ಮಾಡಿಕೊಂಡು ಸಂತೋಷಪಟ್ಟ. ಹಡಗಿನ ಒಡಲಲ್ಲಿ ತುಂಬಿಸಲು ಹೊರಟಿದ್ದ ಮನುಷ್ಯರ ಬಗ್ಗೆ ಯೋಚಿಸಿದರೆ ಆ ತಂಪು ನಮಗೆ ಹಿತವಾಗಿ ಕೇಳಿಸುವುದಿಲ್ಲ. ಆದರೆ ಆಳದ ಕಡಲು ತಣ್ಣಗಿದೆ ಎಂಬುದಕ್ಕೆ ಸಿಕ್ಕಿದ ಮೊದಲ ಲೆಕ್ಕ ಅದೇ. ಅದರ ಅರ್ಥ ಹೇಳಿದವನು ಭೌತವಿಜ್ಞಾನಿ ಕೌಂಟ್ ರಮ್‌ಫೋರ್ಡ್, 1790ರ ದಶಕದ ಕೊನೆಯಲ್ಲಿ: ಇಷ್ಟು ತಣ್ಣನೆಯ ನೀರು ಧ್ರುವಗಳ ಕಡೆಯಿಂದ ತಳದಲ್ಲಿ ಹರಿದುಬಂದಿರದೆ ಬೇರೆ ದಾರಿಯಿಲ್ಲ, ಹಾಗೆ ಬರುವುದಾದರೆ ಮೇಲೆ ಅಷ್ಟೇ ನೀರು ಆ ಕಡೆ ಹೋಗುತ್ತಿರಬೇಕು.

ಈಗ ಉಪ್ಪಿನ ಪಾತ್ರ. ಕಡಲಿನ ಮೇಲೆ ಬಿಸಿಲು ಬಿದ್ದರೆ ನೀರು ಬಿಸಿಯಾಗಿ ಹಗುರಾಗುತ್ತದೆ. ಅದೇ ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಉಳಿದು ಭಾರವಾಗುತ್ತದೆ. ಚಳಿಯ ಪ್ರದೇಶದಲ್ಲಿ ನೀರು ತಣ್ಣಗಾಗಿ ಭಾರವಾದರೆ, ಅಲ್ಲಿಯ ಮಳೆ, ಹಿಮ, ಕರಗಿದ ಮಂಜುಗಡ್ಡೆ ಸಿಹಿನೀರು ಬೆರೆಸಿ ಹಗುರ ಮಾಡುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ತಾಪಮಾನಕ್ಕೂ ಲವಣಾಂಶಕ್ಕೂ ಅಂಥದೇ ಜೋಡಿ. ಯಾರ ಕೈ ಮೇಲಾಗುತ್ತದೆ ಎಂಬುದರ ಮೇಲೆ ನೀರು ಮುಳುಗುವುದೋ ತೇಲುವುದೋ ತೀರ್ಮಾನವಾಗುತ್ತದೆ.

ಕೈ ಯಾರದು ಮೇಲು ಎಂಬುದು ಎಲ್ಲ ಕಡೆ ಒಂದೇ ಅಲ್ಲ. ಪಠ್ಯಪುಸ್ತಕಗಳು ಇದನ್ನು ಹೇಳದೆ ದಾಟಿಸಿಬಿಡುತ್ತವೆ, ನನ್ನ ಮಟ್ಟಿಗೆ ಇಡೀ ವಿಷಯದ ಬೀಗದಕೈ ಇದೇ. ಬೆಚ್ಚಗಿನ ನೀರಿನ ಸಾಂದ್ರತೆ ತಾಪಮಾನಕ್ಕೆ ಬೇಗ ಓಗೊಡುತ್ತದೆ. ಕೊರೆಯುವ ನೀರು ಹೆಚ್ಚುಕಡಿಮೆ ಕಿವುಡು. 28 ಡಿಗ್ರಿಯ ಕಡಲನೀರನ್ನು ಒಂದು ಡಿಗ್ರಿ ತಣಿಸಿದರೆ ಘನ ಮೀಟರಿಗೆ ಸುಮಾರು 330 ಗ್ರಾಂ ಭಾರ ಹೆಚ್ಚುತ್ತದೆ. 0 ಡಿಗ್ರಿಯ ಸುತ್ತಮುತ್ತ ಅದೇ ಒಂದು ಡಿಗ್ರಿ ತಣಿಸಿದರೆ ಹೆಚ್ಚುವುದು 50-55 ಗ್ರಾಂ. ಉಪ್ಪು ಹಾಗಲ್ಲ, ಎಲ್ಲಿದ್ದರೂ ಅದರ ತೂಕ ಒಂದೇ ತೆರ: ಕಿಲೋಗೆ ಒಂದು ಗ್ರಾಂ ಹೆಚ್ಚಾದರೆ ಘನ ಮೀಟರಿಗೆ 750-800 ಗ್ರಾಂ ಭಾರ. ಅಂದರೆ ನಮ್ಮ ಕಡಲಿನಲ್ಲಿ ಒಂದು ಗ್ರಾಂ ಉಪ್ಪಿಗೆ ಎರಡೂಕಾಲು ಡಿಗ್ರಿ ಚಳಿ ಸಮ. ಧ್ರುವದ ಬಳಿ ಅದೇ ಒಂದು ಗ್ರಾಂ ಉಪ್ಪು 15 ಡಿಗ್ರಿ ಚಳಿಗೆ ಸಮ. ಅಲ್ಲಿ ಇಳಿಯಲು 15 ಡಿಗ್ರಿ ಉಳಿದೇ ಇರುವುದಿಲ್ಲ! ಬೆಚ್ಚನೆಯ ಕಡಲಿನ ಯಜಮಾನಿಕೆ ಸಾಮಾನ್ಯವಾಗಿ ಬಿಸಿಯದು, ತಣ್ಣನೆಯ ಕಡಲಿನದು ಉಪ್ಪಿನದು.

ಇವೆಲ್ಲ ಎಷ್ಟು ಸೂಕ್ಷ್ಮದ ವ್ಯವಹಾರ ಎಂಬುದನ್ನೂ ಹೇಳಬೇಕು. 28 ಡಿಗ್ರಿಯ ಮೇಲ್ಪದರದ ನೀರಿಗೂ 2 ಡಿಗ್ರಿಯ ಆಳದ ನೀರಿಗೂ, ಒತ್ತಡದ ಪರಿಣಾಮ ಬದಿಗಿಟ್ಟರೆ, ಘನ ಮೀಟರಿಗೆ ಐದೂವರೆ ಕಿಲೋ ವ್ಯತ್ಯಾಸ: 1,022.4 ಮತ್ತು 1,028. ಅರ್ಧ ಶೇಕಡಾ ಅಷ್ಟೆ. ಆಳದೊಳಗೇ ಒಂದು ನೀರನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸಲು ಲವಣಾಂಶದಲ್ಲಿ, ಅಂದರೆ ಕಿಲೋ ನೀರಿನಲ್ಲಿರುವ ಉಪ್ಪಿನ ಗ್ರಾಂ ಲೆಕ್ಕದಲ್ಲಿ, 0.005ರಷ್ಟು ವ್ಯತ್ಯಾಸವೂ ಮುಖ್ಯವಾಗುತ್ತದೆ. ಮನೆಯ ಮೇಲಿನ ಸಾವಿರ ಲೀಟರಿನ ಟ್ಯಾಂಕಿಗೆ ಒಂದು ಚಹಾ ಚಮಚ ಉಪ್ಪು ಹಾಕಿದರೆ ಅಷ್ಟಾಯಿತು. ಅದಕ್ಕೇ ಹಡಗಿನಲ್ಲಿ ಲವಣಾಂಶದ ಮಾದರಿ ತೆಗೆಯುವವರು ಗಾಜಿನ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಕತ್ತನ್ನು ಒರೆಸಿ, ಬೆವರು ತಾಗದಂತೆ ಬಿರಟೆ ಹಾಕುವ ಶಿಸ್ತನ್ನು ಮಡಿಯಂತೆ ಪಾಲಿಸುತ್ತಾರೆ. ಹಿಂದೆ ಇದನ್ನು ಸಿಲ್ವರ್ ನೈಟ್ರೇಟ್ ಹಾಕಿ ಕ್ಲೋರೈಡ್ ಅಳೆದು ಲೆಕ್ಕ ಹಾಕುತ್ತಿದ್ದರು. ಒಂದೇ ಲವಣ ಅಳೆದು ಎಲ್ಲವನ್ನೂ ಹೇಳಬಹುದಾದದ್ದು ಹೇಗೆಂದರೆ, ಕಡಲು ಯಾವುದಾದರೂ ಅದರಲ್ಲಿನ ಮುಖ್ಯ ಲವಣಗಳ ಪ್ರಮಾಣ ಪರಸ್ಪರ ಬದಲಾಗುವುದಿಲ್ಲ. 1872-76ರಲ್ಲಿ ಚಾಲೆಂಜರ್ ಎಂಬ ಬ್ರಿಟಿಷ್ ಹಡಗಿನ ಸಂಶೋಧನಾ ಯಾನದಲ್ಲಿ ಜಗತ್ತಿನ ಕಡಲುಗಳಿಂದ ತಂದ 77 ಮಾದರಿಗಳನ್ನು ರಸಾಯನವಿಜ್ಞಾನಿ ವಿಲಿಯಂ ಡಿಟ್‌ಮಾರ್ ಕೂತು ವಿಶ್ಲೇಷಿಸಿ 1884ರಲ್ಲಿ ಅದನ್ನು ಖಚಿತಪಡಿಸಿದ. ಸಾರಿಗೆ ನೀರು ಹೆಚ್ಚಾಗಬಹುದು ಕಡಿಮೆಯಾಗಬಹುದು, ಸಾರಿನ ಪುಡಿ ಎಲ್ಲ ಕಡೆ ಒಂದೇ.

ಉಪ್ಪಿನ ಯಜಮಾನಿಕೆ ತಣ್ಣನೆಯ ಕಡಲಿನದು ಎಂದೆ. ಅದಕ್ಕೆ ದೊಡ್ಡ ಅಪವಾದ ನಮ್ಮ ಪಕ್ಕದಲ್ಲೇ ಇದೆ: ಬಂಗಾಳ ಕೊಲ್ಲಿ. ಅರಬ್ಬೀ ಸಮುದ್ರದಲ್ಲಿ ಆವಿ ಹೆಚ್ಚು, ನದಿ ಕಡಿಮೆ; ಅದರ ಉತ್ತರ ಭಾಗದ ಮೇಲ್ಪದರದಲ್ಲಿ ಕಿಲೋಗೆ 36 ಗ್ರಾಮಿಗೂ ಹೆಚ್ಚು ಉಪ್ಪು. ಬಂಗಾಳ ಕೊಲ್ಲಿಗೆ ಗಂಗಾ, ಬ್ರಹ್ಮಪುತ್ರಾ, ಇರಾವತಿ, ಮಹಾನದಿ, ಗೋದಾವರಿ ಎಲ್ಲ ಬಂದು ಬೀಳುತ್ತವೆ, ಮೇಲಿನಿಂದ ಮಳೆ ಬೇರೆ. ಮುಂಗಾರು ಮುಗಿಯುವ ಹೊತ್ತಿಗೆ ಕೊಲ್ಲಿಯ ಉತ್ತರದಲ್ಲಿ ಮೇಲ್ಪದರದ ಲವಣಾಂಶ 30ಕ್ಕಿಂತ ಕೆಳಗಿಳಿದಿರುತ್ತದೆ, ಕೆಳಗಿನ ನೀರಿನದು 34ರ ಮೇಲೆ. ನಾಲ್ಕು ಗ್ರಾಂ ವ್ಯತ್ಯಾಸವೆಂದರೆ ಘನ ಮೀಟರಿಗೆ ಮೂರು ಕಿಲೋ. ಆ ಮುಚ್ಚಳವನ್ನು ಬರೀ ಚಳಿಯಿಂದ ಮುಳುಗಿಸಬೇಕಾದರೆ ನೀರು ಒಂಬತ್ತು ಡಿಗ್ರಿ ತಣ್ಣಗಾಗಬೇಕು. ಬಂಗಾಳದ ಚಳಿಗಾಲಕ್ಕೆ ಅಷ್ಟು ತ್ರಾಣವಿಲ್ಲ. ಹೀಗಾಗಿ ಅಲ್ಲಿ ಚಳಿಗಾಲದಲ್ಲಿ ಮೇಲಿನ ನೀರು ತಣ್ಣಗೆ, ಅದರ ಕೆಳಗಿನದು ಬೆಚ್ಚಗೆ ಇರುವ ವಿಚಿತ್ರವೂ ಕಾಣುತ್ತದೆ: ತಣ್ಣನೆಯದು ಕೆಳಗಿಳಿಯಲು ಉಪ್ಪು ಸಾಲದು. ಚಂಡಮಾರುತ ಬಂದಾಗಲೂ ಈ ಪದರ ಕೆಳಗಿನ ತಣ್ಣೀರು ಮೇಲೇಳದಂತೆ ತಡೆಯುತ್ತದೆ. ಬಿಸಿ ಮೇಲೆಯೇ ಉಳಿದು ಚಂಡಮಾರುತಕ್ಕೆ ಆಹಾರವಾಗುತ್ತದೆ.

ಈ ಎರಡು ಕಡಲುಗಳು ಸುಮ್ಮನೆ ಬೆನ್ನು ತಿರುಗಿಸಿ ಕೂತಿಲ್ಲ, ಕೊಡುಕೊಳ್ಳುವಿಕೆ ಇದೆ. ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ಉಪ್ಪುನೀರು ಶ್ರೀಲಂಕಾದ ದಕ್ಷಿಣದಿಂದ ಸುತ್ತಿ ಬಂಗಾಳ ಕೊಲ್ಲಿಯ ಸಪ್ಪೆ ನೀರಿನ ಕೆಳಗೆ ನುಗ್ಗುತ್ತದೆ. 2016ರ ಮುಂಗಾರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಎನ್. ವಿನಯಚಂದ್ರನ್ ಮತ್ತು ಸಂಗಡಿಗರು ಬ್ರಿಟಿಷ್ ವಿಜ್ಞಾನಿಗಳೊಡನೆ "ಸಿಂಧು ಸಾಧನಾ" ಹಡಗಿನಲ್ಲಿ ಹೋಗಿ ಇದನ್ನು ಹತ್ತಿರದಿಂದ ಅಳೆದರು. ನವೆಂಬರ್ ಹೊತ್ತಿಗೆ ಸಾಲ ತೀರಿಸುವ ಸರದಿ: ಬಂಗಾಳ ಕೊಲ್ಲಿಯ ಸಪ್ಪೆ ನೀರು ತಮಿಳುನಾಡಿನ ತೀರ ಇಳಿದು, ಶ್ರೀಲಂಕಾ ಬಳಸಿ, ಪಶ್ಚಿಮ ಕರಾವಳಿಗುಂಟ ಉತ್ತರಕ್ಕೆ ಹರಿಯುತ್ತದೆ. ಕೃಷ್ಣೆ ಕಾವೇರಿಯರು ಪೂರ್ವಕ್ಕೆ ಒಯ್ದ ಮಳೆನೀರಿನಲ್ಲಿ ಒಂದಷ್ಟು, ಹೀಗೆ ಅರ್ಧ ಭಾರತ ಸುತ್ತಿ ಚಳಿಗಾಲದಲ್ಲಿ ನಿಮ್ಮ ಊರಿನ ಕಡೆಯ ಕಡಲಿಗೇ ಬಂದಿರಬಹುದು ಎಂದು ಮಕ್ಕಳಿಗೆ ಹೇಳಿ. ಅಷ್ಟು ಸ್ವಾತಂತ್ರ್ಯ ತೆಗೆದುಕೊಳ್ಳಬಹುದು.

ಆದರೆ ಇವೆಲ್ಲ ಮೇಲಿನ ಕೆಲವು ನೂರು ಮೀಟರಿನ ಕತೆ. ಕೆಂಪು ಸಮುದ್ರದ ಉಪ್ಪುನೀರು ಕೂಡ, ಅಷ್ಟು ಉಪ್ಪಾಗಿದ್ದೂ, ಬೆಚ್ಚಗಿರುವ ಕಾರಣ ಅರಬ್ಬೀ ಸಮುದ್ರದೊಳಗೆ 800 ಮೀಟರಿನ ಆಸುಪಾಸಿಗೇ ಸಮತೂಕ ಕಂಡುಕೊಂಡು ನಿಂತುಬಿಡುತ್ತದೆ. ಜಿಬ್ರಾಲ್ಟರಿನಿಂದ ಹೊರಬರುವ ಮೆಡಿಟರೇನಿಯನ್ ನೀರಿನದೂ ಹಾಗೆಯೇ, 1,000 ಮೀಟರಿನ ಸುಮಾರಿಗೆ ನಿಲುಗಡೆ. ಸಾಗರದ ತಳದವರೆಗೆ ಇಳಿಯುವ ನೀರು ಎರಡೇ ಸೀಮೆಗಳಲ್ಲಿ ತಯಾರಾಗುತ್ತದೆ: ಉತ್ತರ ಅಟ್ಲಾಂಟಿಕ್ ಮತ್ತು ಅಂಟಾರ್ಕ್ಟಿಕಾದ ಅಂಚು.

ಉತ್ತರ ಅಟ್ಲಾಂಟಿಕ್‌ನಲ್ಲಿ ನಡೆಯುವುದು ಇದು. ಉಷ್ಣವಲಯದಲ್ಲಿ ಬಿಸಿಲು ಉಂಡು ಉಪ್ಪಾದ ನೀರು, ಅಮೆರಿಕದ ಪೂರ್ವ ತೀರದ ಗಲ್ಫ್ ಪ್ರವಾಹ ಹಿಡಿದು ಉತ್ತರಕ್ಕೆ ಹೋಗುತ್ತದೆ. ಐಸ್‌ಲ್ಯಾಂಡ್, ನಾರ್ವೆ, ಗ್ರೀನ್‌ಲ್ಯಾಂಡ್‌ಗಳ ನಡುವೆ ಅದರ ಬಿಸಿಯನ್ನು ಗಾಳಿ ಕಿತ್ತುಕೊಳ್ಳುತ್ತದೆ, ಉಪ್ಪು ಉಳಿಯುತ್ತದೆ. 3 ಡಿಗ್ರಿಗೆ ಇಳಿದು, ಕಿಲೋಗೆ 34.9 ಗ್ರಾಂ ಉಪ್ಪಿರುವ ಆ ನೀರು ಘನ ಮೀಟರಿಗೆ 1,027.8 ಕಿಲೋ ತೂಗುತ್ತದೆ, ಮುಳುಗುತ್ತದೆ. ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡ್ ನಡುವಿನ ಡೆನ್ಮಾರ್ಕ್ ಜಲಸಂಧಿಯ ಕೆಳಗೆ ಒಂದು ನೀರೊಳಗಿನ ದಿಬ್ಬವಿದೆ. ಅದರ ಆಚೆ ಕೂಡಿಟ್ಟುಕೊಂಡ ಭಾರದ ನೀರು ದಿಬ್ಬ ದಾಟಿ ಈಚೆಗೆ ಧುಮುಕುತ್ತದೆ, ಸುಮಾರು 3,500 ಮೀಟರ್ ಕೆಳಗೆ. ಜೋಗದ 253 ಮೀಟರನ್ನು ಹದಿನಾಲ್ಕು ಸಲ ಒಂದರ ಕೆಳಗೊಂದು ಇಟ್ಟಂತೆ. ಸೆಕೆಂಡಿಗೆ 30 ಲಕ್ಷ ಘನ ಮೀಟರ್ ನೀರು. ಜಗತ್ತಿನ ಎಲ್ಲ ನದಿಗಳೂ ಸೇರಿ ಕಡಲಿಗೆ ತರುವುದು ಸುಮಾರು 12 ಲಕ್ಷ. ಭೂಮಿಯ ಅತಿ ದೊಡ್ಡ ಜಲಪಾತ ಇದು. ಭೋರ್ಗರೆತವಿಲ್ಲ, ತುಂತುರಿಲ್ಲ, ನೋಡಲು ಹೋದವರೂ ಇಲ್ಲ. ಕಡಿದಾದ ಬಂಡೆಯಿಂದ ಬೀಳುವಂಥದಲ್ಲ, ಇಳಿಜಾರಿನಲ್ಲಿ ಜಾರುವಂಥದು ಎಂಬುದನ್ನು ಮಾತ್ರ ನೆನಪಿಡಿ.

ಉತ್ತರ ಪೆಸಿಫಿಕ್ ಕೂಡ ಅಷ್ಟೇ ಉತ್ತರದಲ್ಲಿದೆ, ಅಲಾಸ್ಕಾದ ಬಳಿ ಚಳಿಗೇನೂ ಕೊರತೆಯಿಲ್ಲ. ಆದರೂ ಅಲ್ಲಿ ಆಳದ ನೀರು ತಯಾರಾಗುವುದಿಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ! ಮೇಲ್ಪದರದ ಲವಣಾಂಶ 33ರ ಆಸುಪಾಸು. ಆ ನೀರನ್ನು ಹೆಪ್ಪುಗಟ್ಟುವ ಅಂಚಿಗೆ, ಮೈನಸ್ 1.8 ಡಿಗ್ರಿಗೆ ತಂದರೂ ಅದರ ತೂಕ 1,026.5ರ ಹತ್ತಿರ ನಿಲ್ಲುತ್ತದೆ. ಅಟ್ಲಾಂಟಿಕ್‌ನ 3 ಡಿಗ್ರಿಯ ನೀರಿಗಿಂತ ಹಗುರ. ನನ್ನ ಪ್ರಕಾರ ಉಪ್ಪಿನ ಯಜಮಾನಿಕೆಗೆ ಇದಕ್ಕಿಂತ ಚೊಕ್ಕ ಸಾಕ್ಷಿ ಬೇಕಿಲ್ಲ. ಅಟ್ಲಾಂಟಿಕ್ ಹೆಚ್ಚು ಉಪ್ಪಾಗಲು ಒಂದು ಕಾರಣ, ವಾಣಿಜ್ಯ ಮಾರುತಗಳು ಅದರ ಆವಿಯನ್ನು ಮಧ್ಯ ಅಮೆರಿಕದ ಕಿರಿದಾದ ನೆಲ ದಾಟಿಸಿ ಪೆಸಿಫಿಕ್ ಮೇಲೆ ಸುರಿಯುವುದು.

ಅಂಟಾರ್ಕ್ಟಿಕಾದ ರೀತಿ ಬೇರೆ. ಅಲ್ಲಿ ಉಪ್ಪು ಬರುವುದು ಬಿಸಿಲಿನಿಂದಲ್ಲ, ಮಂಜುಗಡ್ಡೆಯಿಂದ. ಕಡಲನೀರು ಹೆಪ್ಪುಗಟ್ಟುವಾಗ ಉಪ್ಪಿನ ಬಹುಪಾಲನ್ನು ಹೊರದಬ್ಬುತ್ತದೆ. ಖಂಡದ ಒಳಗಿನಿಂದ ಇಳಿದುಬರುವ ಬಿರುಗಾಳಿ ತೀರದ ಬಳಿ ಆಗತಾನೇ ಕಟ್ಟಿದ ಮಂಜುಗಡ್ಡೆಯನ್ನು ಆಚೆ ತಳ್ಳುತ್ತದೆ. ಬಯಲಾದ ನೀರು ಮತ್ತೆ ಹೆಪ್ಪುಗಟ್ಟುತ್ತದೆ, ಗಾಳಿ ಮತ್ತೆ ತಳ್ಳುತ್ತದೆ. ಚಳಿಗಾಲದುದ್ದಕ್ಕೂ ನಿಲ್ಲದ ಐಸ್ ಕಾರ್ಖಾನೆ, ಪ್ರತಿ ಗಡ್ಡೆಯೂ ತನ್ನ ಉಪ್ಪನ್ನು ಕೆಳಗೆ ಬಿಟ್ಟು ಹೋಗುತ್ತದೆ. ಹೀಗೆ ಬಯಲಾದ ಜಾಗಕ್ಕೆ ಪೊಲಿನ್ಯಾ ಎಂಬ ರಷ್ಯನ್ ಹೆಸರಿದೆ. ಮೈನಸ್ 1.9 ಡಿಗ್ರಿಯ ಆ ಉಪ್ಪುನೀರು ಖಂಡದ ಅಂಚಿನಿಂದ ಜಾರಿ ಜಗತ್ತಿನ ಸಾಗರಗಳ ಅತ್ಯಂತ ಕೆಳಪದರವಾಗುತ್ತದೆ. ವೆಡೆಲ್ ಮತ್ತು ರಾಸ್ ಸಮುದ್ರಗಳು ಇದರ ಹೆಸರುವಾಸಿ ತವರುಗಳು. ಡಾರ್ನ್‌ಲಿ ಭೂಶಿರದ ಬಳಿಯೂ ಇಂಥದೊಂದಿದೆ ಎಂದು 2013ರಲ್ಲಿ ಪ್ರಕಟವಾಯಿತು. ಅದಕ್ಕೆ ನೆರವಾದವರಲ್ಲಿ ತಲೆಯ ಮೇಲೆ ಪುಟ್ಟ ಸಿಟಿಡಿ ಅಂಟಿಸಿಕೊಂಡು ಮುಳುಗುತ್ತಿದ್ದ ಎಲಿಫೆಂಟ್ ಸೀಲ್‌ಗಳೂ ಇದ್ದವು. ನಾವು ಚಳಿಗಾಲದಲ್ಲಿ ಹೋಗಲಾಗದ ಕಡೆ ಸಂಬಳವಿಲ್ಲದೆ ಹೋಗಿಬಂದ ಸಹೋದ್ಯೋಗಿಗಳು. ಆ ಭೂಶಿರವಿರುವುದು ಪ್ರಿಡ್ಜ್ ಕೊಲ್ಲಿಯ ಪಶ್ಚಿಮ ಅಂಚಿನಲ್ಲಿ. 2012ರಲ್ಲಿ ಶುರುವಾದ ನಮ್ಮ ಭಾರತಿ ಸಂಶೋಧನಾ ಕೇಂದ್ರ ಅದೇ ಕೊಲ್ಲಿಯ ದಡದಲ್ಲಿದೆ. ನಾನು ಅರಬ್ಬೀ ಸಮುದ್ರದಲ್ಲಿ ಬೆರಳು ಅದ್ದಿದ ನೀರಿನಲ್ಲೂ ಅಂಟಾರ್ಕ್ಟಿಕಾದ ಅಂಚಿನಿಂದ ಹೊರಟು, ಹಾದಿಯುದ್ದಕ್ಕೂ ಬೇರೆ ನೀರುಗಳೊಡನೆ ಬೆರೆಯುತ್ತ ಬಂದ ಪಾಲಿತ್ತು.

ಮುಳುಗಿದ್ದಾಯಿತು. ಮೇಲೆ ಬರುವುದು ಹೇಗೆ? ಚಿತ್ರಗಳಲ್ಲಿ ಕೆಂಪು-ನೀಲಿ ಪಟ್ಟಿಯ ಕನ್ವೇಯರ್ ಬೆಲ್ಟ್ ತೋರಿಸಿ, ಭಾರದ ನೀರು ಮುಳುಗಿ ಇಡೀ ಪಟ್ಟಿಯನ್ನು ಎಳೆಯುತ್ತದೆ ಎನ್ನುತ್ತಾರೆ. ಸಾಗರವಿಜ್ಞಾನಿ ವಾಲೆಸ್ ಬ್ರೋಕರ್ 1987ರಲ್ಲಿ ಜನಪ್ರಿಯಗೊಳಿಸಿದ ಆ ಚಿತ್ರ ಮೊದಲ ಪಾಠಕ್ಕೆ ಒಳ್ಳೆಯದು, ಎರಡನೆಯ ಪಾಠಕ್ಕೆ ತೊಡಕು. ಪಾತ್ರೆಯ ನೀರನ್ನು ಒಲೆಯ ಮೇಲಿಟ್ಟರೆ ಕೆಳಗಿನಿಂದ ಬಿಸಿಯಾಗಿ ಕುದಿದು ಸುತ್ತುತ್ತದೆ. ಕಡಲಿನ ಒಲೆ ಇರುವುದು ಮೇಲೆ, ತಣಿಸುವುದೂ ಮೇಲಿನಿಂದಲೇ. ಅಂಥ ವ್ಯವಸ್ಥೆ ತಾನಾಗಿ ಜೋರಾಗಿ ಸುತ್ತಲಾರದು ಎಂದು ಸ್ವೀಡನ್ನಿನ ಸ್ಯಾಂಡ್‌ಸ್ಟ್ರೋಮ್ 1908ರಲ್ಲೇ ವಾದಿಸಿದ್ದ. ಬರೀ ಮುಳುಗುತ್ತಲೇ ಇದ್ದರೆ ತಳವೆಲ್ಲ ತಣ್ಣೀರು ತುಂಬಿ ಆಟ ಮುಗಿಯುತ್ತದೆ. ಯಾರಾದರೂ ಅದನ್ನು ಎತ್ತಬೇಕು. ಎತ್ತುವವರು ಇಬ್ಬರು. ಒಂದು, ಅಂಟಾರ್ಕ್ಟಿಕಾ ಸುತ್ತ ಬೀಸುವ ಪಡುವಣ ಗಾಳಿ: ಅಲ್ಲಿ ಭೂಮಿಯ ಅಡ್ಡಿಯಿಲ್ಲದೆ ಕಡಲು ಪೂರ್ತಿ ಒಂದು ಸುತ್ತು ಬರುತ್ತದೆ, ಗಾಳಿ ಮೇಲಿನ ನೀರನ್ನು ಉತ್ತರಕ್ಕೆ ಸರಿಸುತ್ತದೆ, ಖಾಲಿಯಾದ ಜಾಗಕ್ಕೆ ಆಳದ ನೀರು ಏರುತ್ತದೆ. ಇನ್ನೊಂದು, ಉಬ್ಬರವಿಳಿತ: ತಳದ ಒರಟು ಬೆಟ್ಟಗಳ ಮೇಲೆ ನೀರು ಹಿಂದೆ ಮುಂದೆ ಉಜ್ಜಿದಾಗ ಏಳುವ ಆಂತರಿಕ ಅಲೆಗಳು ಮುರಿದು, ಮೇಲಿನ ಬಿಸಿಯನ್ನು ಚೂರುಚೂರೇ ಕೆಳಗಿನದರೊಡನೆ ಬೆರೆಸುತ್ತವೆ, ಬೆಚ್ಚಗಾದ ನೀರು ಹಗುರಾಗಿ ಏರುತ್ತದೆ. ವಾಲ್ಟರ್ ಮಂಕ್ 1966ರಲ್ಲಿ ಹಾಕಿದ ಲೆಕ್ಕದಂತೆ ಆಳದ ನೀರು ಮೇಲೇಳುವುದು ದಿನಕ್ಕೆ ಒಂದು ಸೆಂಟಿಮೀಟರಿನಂತೆ. ವರ್ಷಕ್ಕೆ ನಾಲ್ಕು ಮೀಟರ್, ನಾಲ್ಕು ಕಿಲೋಮೀಟರಿಗೆ ಸಾವಿರ ವರ್ಷ. ಕಾಲ ಕಳೆದಂತೆ ಕ್ಷಯಿಸುತ್ತ ನೀರಿನ ವಯಸ್ಸು ಹೇಳುವ ಇಂಗಾಲ-14ರ ಅಳತೆಯೂ ಇದಕ್ಕೆ ಹೊಂದುತ್ತದೆ: ಉತ್ತರ ಪೆಸಿಫಿಕ್‌ನ ಆಳದ ನೀರು ಗಾಳಿಯ ಮುಖ ನೋಡಿ ಸಾವಿರ ವರ್ಷಕ್ಕೂ ಹೆಚ್ಚಾಗಿದೆ. ಹೊಯ್ಸಳರ ಕಾಲಕ್ಕೆ ಮುಳುಗಿದ ನೀರು ಇನ್ನೂ ದಾರಿಯಲ್ಲೇ ಇದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಇನ್ನು ನಿಂತುಹೋಗುವ ಸುದ್ದಿ. ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ: ಗಲ್ಫ್ ಪ್ರವಾಹ ನಿಲ್ಲುವುದಿಲ್ಲ. ಅದು ಮುಖ್ಯವಾಗಿ ಗಾಳಿಯ ಮತ್ತು ಭೂಮಿಯ ತಿರುಗುವಿಕೆಯ ಸೃಷ್ಟಿ. ಪತ್ರಿಕೆಗಳ ತಲೆಬರಹ ಇದನ್ನು ಪ್ರತಿ ಸಲವೂ ತಪ್ಪು ಬರೆಯುತ್ತದೆ. ಅಪಾಯವಿರುವುದು ಅದರಿಂದ ಕವಲೊಡೆದು ಉತ್ತರಕ್ಕೆ ಹೋಗಿ ಮುಳುಗಿ ಆಳದಲ್ಲಿ ಹಿಂದಿರುಗುವ ಸುತ್ತಿಗೆ.

ಆ ಸುತ್ತಿಗೊಂದು ದೌರ್ಬಲ್ಯವಿದೆ ಎಂದು ಸಾಗರವಿಜ್ಞಾನಿ ಹೆನ್ರಿ ಸ್ಟಾಮೆಲ್ 1961ರಲ್ಲಿ, ಕಡಲನ್ನು ಬೆಚ್ಚನೆಯದೊಂದು ತಣ್ಣನೆಯದೊಂದು ಎಂದು ಎರಡೇ ಪೆಟ್ಟಿಗೆಗಳಾಗಿ ಭಾವಿಸಿದ ಸರಳ ಲೆಕ್ಕದಿಂದ ತೋರಿಸಿದ. ಪ್ರವಾಹ ಉತ್ತರಕ್ಕೆ ಉಪ್ಪು ಒಯ್ಯುತ್ತದೆ. ಆ ಉಪ್ಪಿನಿಂದಲೇ ಅಲ್ಲಿಯ ನೀರು ಭಾರವಾಗಿ ಮುಳುಗಿ ಪ್ರವಾಹ ನಡೆಯುತ್ತದೆ. ತುಸು ನಿಧಾನವಾದರೆ ಉಪ್ಪು ಕಡಿಮೆ ಬರುತ್ತದೆ, ಉಪ್ಪು ಕಡಿಮೆಯಾದರೆ ಇನ್ನೂ ನಿಧಾನವಾಗುತ್ತದೆ. ಒಂದು ಹಂತ ದಾಟಿದರೆ ಹಿಂದಿನ ಸ್ಥಿತಿಗೆ ಸುಲಭವಾಗಿ ಮರಳದು. ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ, ಮುಳುಗುವಿಕೆ ನಿಂತದ್ದನ್ನು ಕಣ್ಣಾರೆ ಕಂಡದ್ದೂ ಇದೆ. 1960ರ ದಶಕದ ಕೊನೆಯಲ್ಲಿ ಆರ್ಕ್ಟಿಕ್ ಕಡೆಯಿಂದ ಸಾಮಾನ್ಯಕ್ಕಿಂತ ಹೆಚ್ಚು ಸಪ್ಪೆ ನೀರು, ಮಂಜುಗಡ್ಡೆ ಹರಿದುಬಂದು, ಕೆನಡಾ ಮತ್ತು ಗ್ರೀನ್‌ಲ್ಯಾಂಡ್ ನಡುವಿನ ಲ್ಯಾಬ್ರಡಾರ್ ಸಮುದ್ರದ ಮೇಲೆ ಹರಡಿತು. ಅಲ್ಲಿ ನಿಂತಿದ್ದ ಹವಾಮಾನ ಹಡಗಿನ ದಾಖಲೆಗಳಲ್ಲಿ ಸತತ ಕೆಲವು ಚಳಿಗಾಲ ಆಳದ ಮುಳುಗುವಿಕೆಯೇ ಕಾಣಲಿಲ್ಲ. 1972ರ ಕಡುಚಳಿ ಬಂದ ಮೇಲೆ ಮುಚ್ಚಳ ಒಡೆಯಿತು. ಉಲ್ಟಾ ಕತೆಯೂ ಇದೆ: 1974ರಿಂದ 76ರ ಚಳಿಗಾಲಗಳಲ್ಲಿ ವೆಡೆಲ್ ಸಮುದ್ರದ ಮಂಜುಗಡ್ಡೆಯ ನಡುವೆ ಕರ್ನಾಟಕಕ್ಕಿಂತ ದೊಡ್ಡ ಬಯಲೊಂದು ತೆರೆದುಕೊಂಡಿತು. ಮೇಲಿನ ಸಪ್ಪೆ ಪದರ ಒಮ್ಮೆ ಹರಿದದ್ದೇ ತಡ, ಕೆಳಗಿನ ತುಸು ಬೆಚ್ಚನೆಯ ಉಪ್ಪುನೀರು ಏರಿ ಬಂದು, ಅಷ್ಟು ಚಳಿಯಲ್ಲೂ ಹೆಪ್ಪುಗಟ್ಟಗೊಡಲಿಲ್ಲ.

ಅಟ್ಲಾಂಟಿಕ್ ಸುತ್ತನ್ನು 2004ರಿಂದ 26.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಸತತವಾಗಿ ಅಳೆಯಲಾಗುತ್ತಿದೆ. ಸರಾಸರಿ ಸೆಕೆಂಡಿಗೆ 170 ಲಕ್ಷ ಘನ ಮೀಟರ್. ಆದರೆ ತಿಂಗಳಿಂದ ತಿಂಗಳಿಗೆ, ವರ್ಷದಿಂದ ವರ್ಷಕ್ಕೆ ಎಷ್ಟು ಏರಿಳಿಯುತ್ತದೆಂದರೆ, ಇಪ್ಪತ್ತು ವರ್ಷದ ಗೆರೆ ನೋಡಿ ಶತಮಾನದ ಭವಿಷ್ಯ ಹೇಳುವುದು ಆತುರವಾಗುತ್ತದೆ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆಯ ತಜ್ಞ ಸಮಿತಿ ಐಪಿಸಿಸಿಯ 2021ರ ವರದಿ ಹೇಳುವುದು ಎರಡು ಮಾತು: ಈ ಶತಮಾನದಲ್ಲಿ ಈ ಸುತ್ತು ದುರ್ಬಲವಾಗುವುದು ಬಹಳ ಸಂಭವನೀಯ, 2100ರೊಳಗೆ ಥಟ್ಟನೆ ಕುಸಿಯಲಾರದು ಎಂಬುದಕ್ಕೆ ಮಧ್ಯಮ ಮಟ್ಟದ ವಿಶ್ವಾಸ. ಮಧ್ಯಮ ಎಂಬ ಪದವನ್ನು ತಲೆಬರಹ ಬರೆಯುವವರು ಬಿಟ್ಟುಬಿಡುತ್ತಾರೆ, ಇಲ್ಲವೇ ಅದನ್ನೇ ಹಿಡಿದು ಹೆದರಿಸುತ್ತಾರೆ. ನನಗೆ ಹೆಚ್ಚು ಚಿಂತೆ ಅಂಟಾರ್ಕ್ಟಿಕಾದ ಕಡೆಯದು. ಕರಗುವ ಹಿಮದ ಸಿಹಿನೀರು ಅಲ್ಲಿಯ ಉಪ್ಪಿನ ಕಾರ್ಖಾನೆಗೆ ನೇರವಾಗಿ ಬೀಳುತ್ತದೆ, ತಳದ ನೀರು ಬೆಚ್ಚಗಾಗುತ್ತಿರುವುದೂ ಅದರ ಪ್ರಮಾಣ ಕುಗ್ಗುತ್ತಿರುವುದೂ ಅಳತೆಗಳಲ್ಲಿ ಕಂಡಿದೆ. ಸುದ್ದಿಯಾಗುವುದು ಮಾತ್ರ, ಅಟ್ಲಾಂಟಿಕ್ ಸುತ್ತು ಕುಂದಿದರೆ ಯುರೋಪಿಗೆ ಬರಬಹುದಾದ ಚಳಿ.

ತರಗತಿಯಲ್ಲಿ ಇದನ್ನು ತೋರಿಸಲು ಹಡಗು ಬೇಡ. ಎರಡು ಗಾಜಿನ ಲೋಟ ತೆಗೆದುಕೊಳ್ಳಿ, ಎರಡಕ್ಕೂ ಕೋಣೆಯ ತಾಪಮಾನದ ನೀರು ತುಂಬಿ. ಒಂದಕ್ಕೆ ಒಂದೂವರೆ ಚಹಾ ಚಮಚ ಉಪ್ಪು ಹಾಕಿ ಚೆನ್ನಾಗಿ ಕರಗಿಸಿ, ನೀರು ಸ್ತಬ್ಧವಾಗುವವರೆಗೆ ಕಾಯಿರಿ. ಬೀಟ್‌ರೂಟ್ ರಸ ಬೆರೆಸಿ ಮೊದಲೇ ಮಾಡಿಟ್ಟ ಐಸ್ ತುಂಡು ಎರಡಕ್ಕೂ ಒಂದೊಂದು ಹಾಕಿ. ಹಾಕುವ ಮೊದಲು, ಯಾವುದು ಬೇಗ ಕರಗುತ್ತದೆ ಎಂದು ಮಕ್ಕಳಿಂದ ಬರೆಸಿಕೊಳ್ಳಿ. ಐಸ್ ಮೇಲೆ ಉಪ್ಪು ಸುರಿದರೆ ಕರಗುತ್ತದೆ ಎಂದು ಕೇಳಿರುವವರೆಲ್ಲ ಉಪ್ಪುನೀರಿನ ಲೋಟಕ್ಕೇ ಓಟು ಹಾಕುತ್ತಾರೆ. ಗೆಲ್ಲುವುದು ಸಿಹಿನೀರಿನ ಲೋಟ. ಅಲ್ಲಿ ಕರಗಿದ ತಣ್ಣೀರು ಕೆಂಪು ಎಳೆಗಳಾಗಿ ತಳಕ್ಕೆ ಇಳಿಯುತ್ತದೆ, ಬೆಚ್ಚನೆಯ ನೀರು ಏರಿ ಬಂದು ಐಸನ್ನು ಕರಗಿಸುತ್ತದೆ. ಉಪ್ಪುನೀರಿನಲ್ಲಿ ಕರಗಿದ್ದು ಹಗುರಾದ್ದರಿಂದ ಮೇಲೆಯೇ ಕೆಂಪು ಮುಚ್ಚಳವಾಗಿ ನಿಂತು, ಐಸಿಗೆ ಕಂಬಳಿ ಹೊದೆಸುತ್ತದೆ. ಲ್ಯಾಬ್ರಡಾರ್ ಸಮುದ್ರಕ್ಕೆ ಆದದ್ದು ಇಷ್ಟೇ. ಹಿಂದಿನ ಬೆಂಚಿನವರಿಗೆ ಮೇಜು ಅಲುಗಾಡಿಸಬೇಡಿ ಎಂದು ಮೊದಲೇ ಹೇಳಿಡಿ. ಅಲುಗಾಡಿಸಿಯೇಬಿಟ್ಟರೆ ಬೈಯಬೇಡಿ, ಗಾಳಿ ಬೀಸಿದಾಗ ಆ ಮುಚ್ಚಳಕ್ಕೆ ಏನಾಗುತ್ತದೆ ಎಂದು ಅವರನ್ನೇ ಕೇಳಿ.